ಕೊನೆಯ ಸಾಲು ಓದಿದ ಡ್ರೈವರ್

ಕಣ್ಣಿನ ಒಳಗಿನ ಚಿತ್ರ ತೆಗೆಯುವ ಕ್ಯಾಮೆರಾ ಸರಿಯಾಗಿ ಕೂತಿದೆಯೇ ಎಂದು ನೋಡಲು ಪ್ರತಿ ಕ್ಯಾಂಪಿನಲ್ಲೂ ಬೆಳಿಗ್ಗೆ ಮೊದಲು ಯಾರದಾದರೂ ಒಂದು ಕಣ್ಣು ಬೇಕಾಗುತ್ತದೆ. ಸಾಮಾನ್ಯವಾಗಿ ನಮ್ಮ ನರ್ಸ್ ಕೂರುತ್ತಿದ್ದಳು. ಅವತ್ತು ದೇವದುರ್ಗದ ಸಮುದಾಯ ಭವನದಲ್ಲಿ ಜನ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದರು. ಅವರನ್ನು ಸಾಲು ಹಚ್ಚುವುದರಲ್ಲೇ ನರ್ಸಿನ ದನಿ ಬಿದ್ದುಹೋಗಿತ್ತು. ಬಾಗಿಲ ಹತ್ತಿರ ಚಹಾ ಕುಡಿಯುತ್ತ ನಿಂತಿದ್ದ ನಮ್ಮ ಡ್ರೈವರನ್ನು ಕರೆದೆ.

"ಭಾಯ್, ಎರಡು ನಿಮಿಷ ಬಂದು ಕುಂದ್ರಿ. ಮಿಷನ್ ಚೆಕ್ ಮಾಡ್ಬೇಕು."

"ನನ್ ಕಣ್ಣಿಗೇನಾಗ್ಯಾದ್ರಿ ಮೇಡಂ? ಅರಕೇರಾದಾಗ ನಿಂತು ದೇವದುರ್ಗದ ಗುಡ್ಡ ನೋಡ್ತೀನಿ," ಎಂದು ನಗುತ್ತಲೇ ಬಂದು ಗದ್ದವನ್ನು ಕ್ಯಾಮೆರಾದ ಮೇಲಿಟ್ಟರು.

ಅವರು ಅರಕೇರಾದವರು. ಸ್ವಂತ ಕ್ರೂಸರ್ ಗಾಡಿ ಇಟ್ಟುಕೊಂಡು ಬಹಳ ವರ್ಷಗಳಿಂದ ಆ ಕಡೆಯ ರಸ್ತೆಗಳಲ್ಲಿ ಓಡಾಡಿದವರು. ಹಂಗಾಮಿನಲ್ಲಿ ಹತ್ತಿ ಬಿಡಿಸುವ ಹೆಣ್ಣುಮಕ್ಕಳನ್ನು ಹೊಲಕ್ಕೆ ಒಯ್ದು ಸಂಜೆ ಮನೆಗೆ ಮುಟ್ಟಿಸುತ್ತಿದ್ದರು. ಉಳಿದ ದಿನಗಳಲ್ಲಿ ಮದುವೆ, ದವಾಖಾನೆ ಎಂದು ಯಾವುದೋ ಬಾಡಿಗೆ. ನಮ್ಮ ರಾಯಚೂರಿನ ಕಣ್ಣಿನ ಆಸ್ಪತ್ರೆಯ ಕ್ಯಾಂಪ್ ಇದ್ದ ದಿನ ನಮ್ಮನ್ನು ಕರೆತಂದು, ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ, ಆಪರೇಷನ್ನಿಗೆ ಆಯ್ಕೆಯಾದವರನ್ನು ಸಂಜೆ ರಾಯಚೂರಿಗೆ ಒಯ್ಯುವುದು ಅವರ ಕೆಲಸ. ಮುದುಕರನ್ನು ಕೈಹಿಡಿದು ಹತ್ತಿಸುತ್ತಿದ್ದರು. ಯಾರಿಗಾದರೂ ಹೊಟ್ಟೆ ತೊಳಸಿದರೆ ಗಾಡಿ ನಿಲ್ಲಿಸಿ ತಾವೇ ನೀರು ಕೊಡುತ್ತಿದ್ದರು. ನಾನು ಆಪ್ಟೋಮೆಟ್ರಿಸ್ಟ್. ಕಣ್ಣು ಪರೀಕ್ಷಿಸುವುದು, ಯಂತ್ರಗಳನ್ನು ನಡೆಸುವುದು ನನ್ನ ಪಾಲಿನ ಕೆಲಸ. ರೋಗ ಇದೆ, ಇಲ್ಲ ಎನ್ನುವುದು ಡಾಕ್ಟರರ ಪಾಲಿನದು.

ಚಿತ್ರ ಪರದೆಯ ಮೇಲೆ ಬಂತು. ಕ್ಯಾಮೆರಾ ಚೆನ್ನಾಗಿಯೇ ಇತ್ತು.

ಕಣ್ಣಿನ ಹಿಂಭಾಗದಲ್ಲಿ, ನರ ಮಿದುಳಿನ ಕಡೆಗೆ ಹೊರಡುವ ಜಾಗದಲ್ಲಿ, ತಿಳಿಗೆಂಪಿನ ಒಂದು ದುಂಡನೆಯ ಬಿಲ್ಲೆ ಕಾಣುತ್ತದೆ. ಅದರ ನಡುವೆ ಒಂದು ಸಣ್ಣ ಗುಳಿ, ಗುಳಿಯ ಸುತ್ತ ದಪ್ಪ ಅಂಚು. ಗ್ಲಾಕೋಮಾ ಬಂದರೆ ಆ ಅಂಚು ಸವೆಯುತ್ತ ಹೋಗಿ ಗುಳಿ ಅಗಲವಾಗುತ್ತದೆ. ಡ್ರೈವರ ಬಲಗಣ್ಣಿನಲ್ಲಿ ಮೇಲೆ ಕೆಳಗೆ ಎರಡೂ ಕಡೆ ಅಂಚು ತೆಳುವಾಗಿತ್ತು. ಎಡಗಣ್ಣಿನ ಚಿತ್ರ ತೆಗೆದೆ. ಅದರಲ್ಲಿ ಅಂಚು ಹುಡುಕಬೇಕಾಗಿತ್ತು.

ಅವರನ್ನು ಹಾಗೇ ಎಬ್ಬಿಸಿ ಗೋಡೆಯ ಅಕ್ಷರದ ಬೋರ್ಡಿನ ಮುಂದೆ ನಿಲ್ಲಿಸಿದೆ. ಒಂದೊಂದೇ ಕಣ್ಣು ಮುಚ್ಚಿಸಿ ಓದಿಸಿದೆ. ಬಲಗಣ್ಣಿನಲ್ಲಿ ಕೊನೆಯ ಸಾಲನ್ನು ತಡವರಿಸದೆ ಓದಿದರು. ಎಡಗಣ್ಣಿನಲ್ಲೂ ಓದಿದರು, ಸ್ವಲ್ಪ ತಲೆ ಅತ್ತಿತ್ತ ಆಡಿಸುತ್ತ. ಕಣ್ಣಿನ ಒತ್ತಡ ಅಳೆದೆ. ಇರಬೇಕಾದ್ದಕ್ಕಿಂತ ತುಸು ಹೆಚ್ಚಿತ್ತು, ಗಾಬರಿ ಬೀಳುವಷ್ಟಲ್ಲ.

"ಭಾಯ್, ನೀವು ರಾಯಚೂರಿಗೆ ಬಂದು ಡಾಕ್ಟರಿಗೆ ತೋರಿಸ್ಬೇಕು. ಅಲ್ಲಿ ಎರಡು ಟೆಸ್ಟ್ ಅದಾವ."

"ಯಾಕ್ರಿ? ಕೊನಿ ಸಾಲು ಓದಿದ್ನಲ್ಲ?"

"ಓದಿದ್ರಿ. ಅದು ನಡುವಿನ ನೋಟ. ಬದಿಯ ನೋಟ ನೋಡ್ಬೇಕು."

"ಆಯ್ತು ತಗೋರಿ, ಬರೋಣು," ಎಂದು ಚಹಾದ ಲೋಟ ಎತ್ತಿಕೊಂಡು ಹೋದರು. ಅವರು ಒಪ್ಪಿದ್ದು ನನ್ನ ಮಾತು ಮುಗಿಸಲಿಕ್ಕೆ ಎಂದು ನನಗೆ ಗೊತ್ತಿತ್ತು. ಅಷ್ಟರಲ್ಲಿ ಮೊದಲ ರೋಗಿ ಕುರ್ಚಿಯಲ್ಲಿ ಕೂತಾಗಿತ್ತು. ಸಂಜೆಯತನಕ ಬಗ್ಗಿ ಬಗ್ಗಿ ಕಣ್ಣು ನೋಡಿದೆ. ಸೊಂಟ ನೆಟ್ಟಗಾಗದ ಹೊತ್ತಿಗೆ ಎಲ್ಲರನ್ನೂ ಕ್ರೂಸರಿಗೆ ಹತ್ತಿಸಿದೆವು.

ಯಾವಾಗಲೂ ಗಾಡಿ ಹತ್ತಿದ ಕೂಡಲೇ ನನಗೆ ನಿದ್ದೆ ಬರುತ್ತದೆ. ಅವತ್ತು ಬರಲಿಲ್ಲ. ಮುಂದಿನ ಸೀಟಿನಲ್ಲಿ, ಅವರ ಎಡಕ್ಕೆ ಕೂತಿದ್ದೆ. ಗಬ್ಬೂರು ದಾಟುವ ಮುನ್ನ ಎಡಗಡೆಯ ಹೊಲದ ದಾರಿಯಿಂದ ಮೇವಿನ ಹೊರೆ ಕಟ್ಟಿಕೊಂಡ ಒಂದು ಬೈಕು ಮೆಲ್ಲಗೆ ರಸ್ತೆಗೆ ಏರುತ್ತಿತ್ತು. ನಾನು ಅದನ್ನು ದೂರದಿಂದಲೇ ನೋಡಿದ್ದೆ. ಅವರೂ ನೋಡಿರಬೇಕು ಎಂದುಕೊಂಡೆ. ಗಾಡಿಯ ವೇಗ ಕಡಿಮೆಯಾಗಲಿಲ್ಲ.

"ಭಾಯ್, ಬೈಕ್!"

ಬ್ರೇಕು ಬಿತ್ತು. ಹಿಂದೆ ಕೂತ ಮುದುಕರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಬೈಕಿನವನು ಬೈಯುತ್ತ ಹೋದ.

"ಎಲ್ಲಿಂದ ಬಂದ ನೋಡ್ರಿ ಅಂವ! ಭೂಮಿಯೊಳಗಿಂದ ಎದ್ದಂಗ ಬರ್ತಾರ," ಎಂದು ಡ್ರೈವರು ತಲೆಯಾಡಿಸಿದರು. ಅವರಿಗೆ ಅದು ನಿಜವಾಗಿಯೂ ಭೂಮಿಯಿಂದ ಎದ್ದ ಹಾಗೆಯೇ ಕಂಡಿತ್ತು. ಆ ಮಾತು ಕೇಳಿದ ಮೇಲೆ ರಾಯಚೂರು ಬರುವತನಕ ಎಡಗಡೆಯ ರಸ್ತೆಯನ್ನು ನಾನೇ ನೋಡುತ್ತ ಬಂದೆ.

ನಾನು ಬಹಳ ಸಲ ಫೋನು ಮಾಡಿದ ಮೇಲೆ, ಒಂದು ಬಾಡಿಗೆಗೆ ರಾಯಚೂರಿಗೆ ಬಂದ ದಿನ, ಡ್ರೈವರು ಆಸ್ಪತ್ರೆಗೂ ಬಂದರು. ಮೊದಲು ಸ್ಕ್ಯಾನ್ ಮಾಡಿದೆ. ಕಣ್ಣಿನ ಹಿಂಭಾಗದ ನರದ ಎಳೆಗಳು ಎಷ್ಟು ದಪ್ಪ ಇವೆ ಎಂದು ಅಳೆಯುವ ಯಂತ್ರ ಅದು. ರಸ್ತೆಯ ಧೂಳಿನಲ್ಲಿ ಕಣ್ಣು ಒಣಗಿದ್ದರಿಂದ ಚಿತ್ರ ಮಸುಕಾಗಿ ಬಂತು. ಅಂಥ ಚಿತ್ರ ಇಲ್ಲದ ರೋಗವನ್ನೂ ತೋರಿಸಬಲ್ಲದು. ಕಣ್ಣು ತೇವ ಮಾಡುವ ಹನಿ ಹಾಕಿ, ರೆಪ್ಪೆ ಬಡಿಸಿ, ಮತ್ತೆ ತೆಗೆದೆ. ಈ ಸಲ ಚೊಕ್ಕಟ ಬಂತು. ಎರಡೂ ಕಣ್ಣುಗಳಲ್ಲಿ ನರದ ಸುತ್ತ ಹಸಿರು ಇರಬೇಕಾದ ಕಡೆ ಕೆಂಪು, ಅಂದರೆ ಅಲ್ಲಿ ಎಳೆ ತೆಳುವಾಗಿದೆ. ಎಡಗಣ್ಣಿನಲ್ಲಿ ಹೆಚ್ಚುಕಡಿಮೆ ಬರೀ ಕೆಂಪು.

ಆಮೇಲೆ ಬದಿಯ ನೋಟ ಅಳೆಯುವ ಫೀಲ್ಡ್ ಟೆಸ್ಟ್. ಕತ್ತಲೆ ಕೋಣೆಯಲ್ಲಿ ಒಂದು ದೊಡ್ಡ ಬಟ್ಟಲಿನಂಥ ಯಂತ್ರ ಇರುತ್ತದೆ. ಒಂದು ಕಣ್ಣು ಮುಚ್ಚಿ, ಗದ್ದ ಊರಿ, ನಡುವಿನ ಹಳದಿ ದೀಪವನ್ನೇ ನೋಡುತ್ತ ಕೂರಬೇಕು. ಸುತ್ತ ಎಲ್ಲಾದರೂ ಬೆಳಕಿನ ಚುಕ್ಕಿ ಮಿಂಚಿದರೆ ಕೈಯಲ್ಲಿನ ಬಟನ್ ಒತ್ತಬೇಕು. ಈ ವಿವರಣೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ, ಕೆಲವೊಮ್ಮೆ ನಿದ್ದೆಯಲ್ಲೂ ಹೇಳುತ್ತೇನೆ ಎಂದು ನನ್ನ ಗಂಡ ಹೇಳುತ್ತಾರೆ. ಅವತ್ತು ಸಾಲಿನಲ್ಲಿ ಇನ್ನೂ ಬಹಳ ಜನ ಇದ್ದರು. ದಿನವೂ ಹೇಳುವುದನ್ನೇ ಹೇಳಿ ಯಂತ್ರ ಶುರು ಮಾಡಿದೆ.

ಬಟನ್ನಿನ ಸದ್ದು ಒಂದೇ ಸಮನೆ ಬರುತ್ತಿತ್ತು. ಎದ್ದು ಹೊರಬಂದಾಗ ಅವರ ಮುಖದಲ್ಲಿ ಗೆಲುವಿತ್ತು.

"ಒಂದೂ ಬಿಟ್ಟಿಲ್ರಿ ಮೇಡಂ. ಎಲ್ಲಾ ಹೊಡ್ದೀನಿ."

ಡಾಕ್ಟರು ಕಾಗದ ನೋಡಿ ನನ್ನ ಕಡೆ ತಳ್ಳಿದರು. ಈ ಯಂತ್ರ ನಡುನಡುವೆ ಚುಕ್ಕಿ ತೋರಿಸದೆ ಬರೀ ಸದ್ದು ಮಾಡುತ್ತದೆ, ಬಟನ್ ಒತ್ತುತ್ತಾರೋ ಎಂದು ನೋಡಲು. ಇವರು ಬಹುಪಾಲು ಸಲ ಒತ್ತಿದ್ದರು. ಮನುಷ್ಯರಿಗೆ ಕಾಣಲು ಸಾಧ್ಯವೇ ಇಲ್ಲದಷ್ಟು ಮಂದ ಬೆಳಕನ್ನೂ ಕಂಡಿದ್ದೇನೆ ಎಂದಿದ್ದರು.

"ಇದು ಅವರ ಫೀಲ್ಡ್ ಅಲ್ಲ," ಎಂದರು ಡಾಕ್ಟರು. "ಪಾಸಾಗಬೇಕು ಅಂತ ಒತ್ತಿದಾರ. ನರ ನೋಡಿದ್ರ ರೋಗ ಅದ ಅನ್ನಿಸ್ತದ, ಔಷಧ ಶುರು ಮಾಡೋಣ. ಆದ್ರ ಎಷ್ಟು ನೋಟ ಹೋಗ್ಯಾದ ಅನ್ನೋದು ಈ ಕಾಗದದಿಂದ ಹೇಳಾಕ ಬರಂಗಿಲ್ಲ. ಇನ್ನೊಂದ್ಸಲ ಮಾಡು."

ಮರುದಿನ ಬರಲು ಹೇಳಿದೆವು. ಕಣ್ಣಿನ ಹನಿಯ ಬಾಟಲಿ ತೆಗೆದುಕೊಂಡು ಹೋದರು, ಬರಲಿಲ್ಲ. ಹತ್ತಿ ಬಿಡಿಸುವ ಹಂಗಾಮು ಶುರುವಾಗಿತ್ತು. ಫೋನು ಮಾಡಿದರೆ ಹಿಂದೆ ಹೆಣ್ಣುಮಕ್ಕಳ ಗದ್ದಲ, ಹಾರ್ನ್. "ಬರ್ತೀನ್ರಿ ಮೇಡಂ, ಮುಂದಿನ ವಾರ," ಎನ್ನುತ್ತಿದ್ದರು. ಗಾಡಿ ಓಡಿಸುತ್ತಲೇ ಮಾತಾಡುತ್ತಿದ್ದಾರೆ ಎಂದು ತಿಳಿದಾಗ ನಾನೇ ಬೇಗ ಫೋನಿಡುತ್ತಿದ್ದೆ. ನನ್ನೂರು ಮಲ್ಲಟ. ನನ್ನ ಅವ್ವ ಬಹಳ ವರ್ಷ ಅಂಥದೇ ಗಾಡಿಯಲ್ಲಿ ಹತ್ತಿ ಬಿಡಿಸಲು ಹೋಗಿ ಬಂದು ನನ್ನನ್ನು ಓದಿಸಿದವಳು. ಆ ಗಾಡಿಗಳಲ್ಲಿ ಎಷ್ಟು ಜನ ಕೂರುತ್ತಾರೆ, ಹೇಗೆ ಕೂರುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಷ್ಟರಲ್ಲಿ ಮಾನ್ವಿಯ ಕ್ಯಾಂಪ್ ಬಂತು. ಬೆಳಿಗ್ಗೆ ನಾನು ಮಲ್ಲಟದಿಂದ ನೇರವಾಗಿ ಬಸ್ಸಿನಲ್ಲಿ ಹೋಗಿದ್ದೆ. ಸಂಜೆ, ಆಪರೇಷನ್ನಿಗೆ ಆಯ್ಕೆಯಾದವರು ಚೀಲ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಿದ್ದಾಗ, ನಮ್ಮ ಡ್ರೈವರು ಕ್ರೂಸರನ್ನು ತಂದು ನಿಲ್ಲಿಸಿ ಇಳಿದು ಬಂದರು. ಕಟ್ಟೆಯಿಂದ ಕೆಳಗಿಳಿಯುತ್ತಿದ್ದ ಒಬ್ಬ ಮುದುಕ ಅವರ ಎಡಗಾಲಿಗೆ ತಾಗಿದ. ಅವರು ಬೆಚ್ಚಿ, "ಎಲ್ಲಿದ್ದೆಪಾ ಯಜಮಾನ?" ಎಂದು ನಕ್ಕರು.

ಬೆಳಗಿನಿಂದ ಕೆಲಸ ಮಾಡಿ ನನ್ನ ತಲೆ ಸಿಡಿಯುತ್ತಿತ್ತು. ಸುಮ್ಮನೆ ಗಾಡಿ ಹತ್ತಿ ಮನೆಗೆ ಹೋಗಿಬಿಡಬೇಕು ಎನ್ನುವಷ್ಟು ದಣಿವು. ಆದರೂ ಕ್ಯಾಂಪ್ ಮ್ಯಾನೇಜರನ್ನು ಪಕ್ಕಕ್ಕೆ ಕರೆದೆ.

"ಸರ್, ಈ ಗಾಡ್ಯಾಗ ಪೇಶೆಂಟ್ ಕಳಿಸೋದು ಬ್ಯಾಡ್ರಿ. ಬೇರೆ ಗಾಡಿ ಕರೀರಿ."

"ಯಾಕಮ್ಮಾ? ಏನಾಯ್ತು?"

"ಕಾರಣ ಹೇಳಾಕ ಬರಂಗಿಲ್ರಿ. ಆದ್ರ ಬ್ಯಾಡ."

"ಹೊತ್ತು ಮುಳುಗಾಕತ್ತಾದ. ಈಗ ಬೇರೆ ಗಾಡಿ ಎಲ್ಲಿಂದ ತರ್ಲಿ? ಡಾಕ್ಟರು ಹೇಳ್ಯಾರೇನು? ರಿಪೋರ್ಟ್ ಏನಾದ್ರೂ ಅದ ಏನು?"

"ರಿಪೋರ್ಟ್ ಇಲ್ರಿ. ನಾ ಹೇಳಾಕತ್ತೀನಿ."

ರೋಗಿಯ ಕಣ್ಣಿನ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಡಾಕ್ಟರಿಗೆ ಫೋನು ಮಾಡಿದರೆ ಆಪರೇಷನ್ ಕೋಣೆಯಲ್ಲಿದ್ದರು. ಮ್ಯಾನೇಜರ್ ನನ್ನ ಮುಖವನ್ನೂ ಡ್ರೈವರ ಮುಖವನ್ನೂ ನೋಡಿ, ತಮಗೇ ಏನೋ ಅರ್ಥವಾದವರಂತೆ ತಲೆಯಾಡಿಸಿ, ಫೋನು ಹಿಡಿದು ಹೊರಗೆ ಹೋದರು. ಡ್ರೈವರಿಗೆ ನಾನೇ ಹೋಗಿ ಹೇಳಿದೆ. "ಭಾಯ್, ಟೆಸ್ಟ್ ಆಗೋತನ ನಮ್ಮ ಪೇಶೆಂಟರನ್ನ ನೀವು ಒಯ್ಯೋದು ಬ್ಯಾಡ. ನೀವು ಗಾಡೀನೇ ಹೊಡಿಬ್ಯಾಡ್ರಿ ಅಂತೀನಿ." ಗಾಡಿ ತಿರುಗಿಸಿಕೊಂಡು ಹೋದರು. ಅವರೇ ಓಡಿಸಿಕೊಂಡು ಹೋದದ್ದನ್ನು ನೋಡುತ್ತ ನಿಂತೆ. ಅದನ್ನು ತಡೆಯುವ ಅಧಿಕಾರ ನನಗಿರಲಿಲ್ಲ.

ಬೇರೆ ಗಾಡಿ ಬರುವ ಹೊತ್ತಿಗೆ ಕತ್ತಲಾಗಿತ್ತು. ಕಾದು ಕಾದು ಕೆಲವರು ಎದ್ದು ಹೋದರು. ಮಲ್ಲಟದ ಕಡೆಯ ಒಬ್ಬ ಅಜ್ಜಿ, ಎರಡೂ ಕಣ್ಣು ಪೊರೆ ತುಂಬಿ ಬೆಳ್ಳಗಾಗಿದ್ದವರು, "ಮುಂದಿನ ಸಲ ಬರ್ತೀನಿ ಬಿಡವ್ವಾ, ಮಗ ಬಂದಾನ ಕರ್ಯಾಕ," ಎಂದು ಹೊರಟರು. ಎಷ್ಟು ಹೇಳಿದರೂ ನಿಲ್ಲಲಿಲ್ಲ. ಅವರು ಮುಂದಿನ ಸಲ ಬರಲಿಲ್ಲ. ಊರಿಗೆ ಹೋದಾಗ ವಿಚಾರಿಸಿದೆ. ಮಗಳ ಮನೆಗೆ ಹೋಗಿದ್ದಾರೆ ಎಂದರು. ಯಾವ ಊರು ಎಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಮರುದಿನ ಡಾಕ್ಟರು ಕರೆದು ಕೇಳಿದರು. ಮ್ಯಾನೇಜರ್ ದೂರು ಕೊಟ್ಟಿದ್ದರು. ಬೈಕಿನ ವಿಷಯ, ಮುದುಕನ ವಿಷಯ ಹೇಳಿದೆ. "ನೀ ಮಾಡಿದ್ದು ಸರಿಯೋ ತಪ್ಪೋ ಟೆಸ್ಟ್ ಆದ್ಮ್ಯಾಲೆ ಗೊತ್ತಾಗ್ತದ," ಎಂದಷ್ಟೇ ಅಂದರು. ನಾನು ಮಾಡಿದ್ದು ತಪ್ಪೇ ಆಗಿರಲಿ ಎಂದು ಬಯಸಿದೆ. ಅವರ ಫೀಲ್ಡ್ ಚೆನ್ನಾಗಿಯೇ ಇದ್ದು, ನಾನು ಎಲ್ಲರೆದುರು ಬೈಸಿಕೊಂಡು, ಅವರು ತಮ್ಮ ಗಾಡಿ ಓಡಿಸಿಕೊಂಡು ಹೋಗುವಂತಾಗಲಿ ಎಂದು ನಿಜಕ್ಕೂ ಅನ್ನಿಸಿತು.

ಆ ವಾರವೇ ಅವರು ಬಂದರು, ಹೆಂಡತಿಯನ್ನು ಕರೆದುಕೊಂಡು. ಮುಖ ಬಿಗಿದಿತ್ತು.

"ಮೇಡಂ, ನಾ ಕುಡದು ಗಾಡಿ ಹೊಡಿತೀನಂತ ಹೇಳೀರಂತಲ್ಲ? ಮಾನ್ವಿ ತುಂಬ ಹಬ್ಬ್ಯಾದ ಸುದ್ದಿ. ಅರಕೇರಾಕ್ಕೂ ಬಂದು ಮುಟ್ಟ್ಯಾದ. ಮಸೀದ್ಯಾಗ ಕೇಳಾಕತ್ತಾರ ನನ್ನ."

ಮಾನ್ವಿಯಲ್ಲಿ ನಾನು ಕಾರಣ ಹೇಳಿರಲಿಲ್ಲ. ಮ್ಯಾನೇಜರ್ ತಮಗೆ ತೋಚಿದ ಕಾರಣ ಹಚ್ಚಿಕೊಂಡಿದ್ದರು. ಯಾರ ಮುಂದೋ ಅಂದಿದ್ದರು.

"ನಾ ಹಂಗ ಹೇಳಿಲ್ಲ ಭಾಯ್. ಏನೂ ಹೇಳಿಲ್ಲ ನಾ."

"ಏನೂ ಹೇಳದೇ ಇದ್ದದ್ದಕ್ಕೇ ಆತು ನೋಡ್ರಿ ಇದು," ಎಂದರು ಅವರ ಹೆಂಡತಿ, ಬುರ್ಖಾದ ಮುಸುಕು ಸರಿಸುತ್ತ. ದನಿ ಶಾಂತವಾಗಿಯೇ ಇತ್ತು.

"ತೆಗೀರಿ ನಿಮ್ ಮಿಷನ್," ಎಂದರು ಡ್ರೈವರು. "ಇವತ್ತು ಇದು ಮುಗೀಲಿ."

ಅವರನ್ನು ಕೂಡಲೇ ಯಂತ್ರದ ಮುಂದೆ ಕೂರಿಸಲಿಲ್ಲ. ಸಿಟ್ಟಿನಲ್ಲಿ ಕೂತವರ ಟೆಸ್ಟ್ ಕೂಡ ಕೆಡುತ್ತದೆ. ನೀರು ಕೊಟ್ಟೆ. ಸಾಲಿನಲ್ಲಿದ್ದವರನ್ನು ಮೊದಲು ಕಳಿಸಿದೆ. ಅವರು ಚಪ್ಪಲಿ ಬಿಚ್ಚಿ ಕುರ್ಚಿಯ ಮೇಲೆ ಕಾಲು ಮಡಚಿ ಕೂತು, ಸ್ವಲ್ಪ ಸಡಿಲಾದ ಮೇಲೆ, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತು ಹೇಳಿದೆ.

"ಭಾಯ್, ಈ ಮಿಷನ್ ಒಳಗ ಪಾಸು ನಪಾಸು ಇಲ್ಲ. ನನ್ನನ್ನ ಕೂಡ್ಸಿದ್ರೂ ಅರ್ಧಕ್ಕರ್ಧ ಚುಕ್ಕಿ ನನಗ ಕಾಣಂಗಿಲ್ಲ. ಇದು ಒಂದು ಕಡೆ ಚುಕ್ಕಿ ಕಂಡ್ತಂದ್ರ ಮುಂದ ಅಲ್ಲೇ ಇನ್ನೂ ಮಂದ ತೋರಿಸ್ತದ, ಕಾಣದಂಗ ಆಗೋತನ. ಹಂಗೇ ಮಾಡಿಟ್ಟಾರ ಇದನ್ನ. ಕಾಣಲಿಲ್ಲ ಅಂದ್ರ ಸುಮ್ನಿರ್ರಿ. ಹುಡುಕಬ್ಯಾಡ್ರಿ. ಕಣ್ಣು ಹೊಳ್ಳಿಸಬ್ಯಾಡ್ರಿ."

"ಕಾಣದೇ ಇದ್ರ ತಪ್ಪಿಲ್ಲೇನು?"

"ತಪ್ಪಿಲ್ಲ."

"ಮೊದ್ಲ ಹೇಳ್ಬೇಕಿತ್ತಲ್ರಿ ಇದನ್ನ," ಎಂದರು.

ಬಲಗಣ್ಣು ಮೊದಲು. ಬಟನ್ನಿನ ಸದ್ದು ಈ ಸಲ ಬಿಟ್ಟು ಬಿಟ್ಟು ಬಂತು. ಪರದೆಯಲ್ಲಿ ಅವರ ಕಣ್ಣು ನೆಟ್ಟಗೆ ನಡುವಿನ ದೀಪದ ಮೇಲೇ ಇತ್ತು. ಎಡಗಣ್ಣಿಗೆ ಬಂದಾಗ ಸದ್ದು ತೀರಾ ಕಡಿಮೆಯಾಯಿತು. ಎಷ್ಟೋ ಹೊತ್ತು ಯಂತ್ರ ಚುಕ್ಕಿಯ ಮೇಲೆ ಚುಕ್ಕಿ ತೋರಿಸುತ್ತಲೇ ಇತ್ತು, ಅವರ ಹೆಬ್ಬೆರಳು ಬಟನ್ನಿನ ಮೇಲೆ ಅಲುಗದೆ ಕಾದಿತ್ತು. ಒಮ್ಮೆ ಅವರೇ ಕೇಳಿದರು: "ಮೇಡಂ, ಮಿಷನ್ ಬಂದ್ ಆಯ್ತೇನ್ರಿ?"

"ಇಲ್ಲ ಭಾಯ್. ನಡದದ. ನಡುವಿನ ಲೈಟ್ ನೋಡ್ರಿ."

ಕಾಗದ ಹೊರಬಂತು. ನಂಬಲು ಅರ್ಹವಾದ ಟೆಸ್ಟ್. ಸುಳ್ಳು ಒತ್ತುವಿಕೆ ಇಲ್ಲವೆಂಬಷ್ಟು ಕಡಿಮೆ. ಬಲಗಣ್ಣಿನಲ್ಲಿ ಮೂಗಿನ ಕಡೆ ಮತ್ತು ಕೆಳಗೆ ಕಮಾನಿನಂತೆ ಕಪ್ಪು. ಎಡಗಣ್ಣಿನಲ್ಲಿ ನಡುವೆ ಒಂದು ಸಣ್ಣ ಬಿಳಿ ಜಾಗ ಬಿಟ್ಟು ಉಳಿದದ್ದೆಲ್ಲ ಕಪ್ಪು. ಆ ಸಣ್ಣ ಜಾಗದಿಂದಲೇ ಅವರು ಬೋರ್ಡಿನ ಕೊನೆಯ ಸಾಲು ಓದಿದ್ದರು. ನರದ ಸ್ಕ್ಯಾನಿನಲ್ಲಿ ಎಲ್ಲಿ ಕೆಂಪಿತ್ತೋ ಅದಕ್ಕೆ ತಕ್ಕ ಜಾಗದಲ್ಲೇ ಇಲ್ಲಿ ಕಪ್ಪಿತ್ತು. ಎರಡು ಯಂತ್ರಗಳು ಒಂದೇ ಮಾತು ಹೇಳುತ್ತಿದ್ದವು.

ಡಾಕ್ಟರು ಕೇಳಿದ ಟೆಸ್ಟ್ ಅಲ್ಲಿಗೆ ಮುಗಿದಿತ್ತು. ಆದರೆ ಗಾಡಿ ಓಡಿಸುವಾಗ ಯಾರೂ ಒಂದು ಕಣ್ಣು ಮುಚ್ಚಿರುವುದಿಲ್ಲ. ಒಂದು ಕಣ್ಣಿಗೆ ಕಾಣದ್ದನ್ನು ಇನ್ನೊಂದು ಕಣ್ಣು ತುಂಬಿಕೊಡುವುದುಂಟು. ಎರಡೂ ಕಣ್ಣು ತೆರೆದು ಮಾಡುವ ಒಂದು ಟೆಸ್ಟ್ ಅದೇ ಯಂತ್ರದಲ್ಲಿದೆ; ನಾವು ಅಪರೂಪಕ್ಕೆ ಮಾಡುತ್ತೇವೆ. ಅದನ್ನು ಮಾಡದೆ ಅವರಿಗೆ ಗಾಡಿ ಬಿಡಿ ಎನ್ನುವುದು ಅನ್ಯಾಯ ಎನ್ನಿಸಿ, ಡಾಕ್ಟರನ್ನು ಕೇಳಿ, ಇನ್ನೊಮ್ಮೆ ಕೂರಿಸಿದೆ. ಅವರಿಗೂ ದಣಿವಾಗಿತ್ತು, ನನಗೂ. ಮೇಲ್ಭಾಗ ಪರವಾಗಿಲ್ಲ. ಎಡಗಡೆ ಪೂರ್ತಿ, ಮತ್ತು ಮುಂದಿನ ರಸ್ತೆ ಇರುವ ಕೆಳಭಾಗದಲ್ಲಿ ಬಹುಪಾಲು, ಬಟನ್ ಒತ್ತಿರಲಿಲ್ಲ.

ಡಾಕ್ಟರು ಕಾಗದಗಳನ್ನು ಮೇಜಿನ ಮೇಲೆ ಹರಡಿ ತಿಳಿಸಿ ಹೇಳಿದರು. ಹೋದ ನೋಟ ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು, ಹನಿ ದಿನವೂ ಹಾಕಬೇಕು, ಎಡಗಣ್ಣಿಗೆ ಆಪರೇಷನ್ ಬೇಕಾಗುತ್ತದೆ, ಗಾಡಿ ಓಡಿಸಬಾರದು. ಡ್ರೈವರು ಕಾಗದದ ಕಪ್ಪನ್ನು ಬೆರಳಿನಿಂದ ಮುಟ್ಟಿದರು.

"ಇಷ್ಟು ಕಪ್ಪು ಇದ್ರ ನನಗ ಕತ್ತಲಿ ಕಾಣ್ಬೇಕಲ್ರಿ? ನನಗ ಎಲ್ಲೂ ಕತ್ತಲಿ ಇಲ್ಲ. ಎಲ್ಲಾ ಚೊಕ್ಕ ಕಾಣಾಕತ್ತಾದ."

ಎಲ್ಲರೂ ಕೇಳುವ ಪ್ರಶ್ನೆ ಅದು. ಈ ರೋಗದಲ್ಲಿ ಹೋದ ಜಾಗ ಕಪ್ಪಾಗಿ ಕಾಣುವುದಿಲ್ಲ. ಮಿದುಳು ಅಕ್ಕಪಕ್ಕದ ಬಣ್ಣ ಎಳೆದು ಅಲ್ಲಿ ತುಂಬಿಬಿಡುತ್ತದೆ. ಏನೋ ಇಲ್ಲ ಎನ್ನುವುದೇ ತಿಳಿಯುವುದಿಲ್ಲ. ಇದನ್ನು ಡಾಕ್ಟರು ಹೇಳಿದರೂ ಅವರಿಗೆ ನಂಬಿಕೆ ಬರಲಿಲ್ಲ. ಅವರನ್ನು ಹೊರಗಿನ ಕಾರಿಡಾರಿಗೆ ಕರೆದುಕೊಂಡು ಹೋದೆ.

"ಭಾಯ್, ಇಲ್ಲಿ ಕುಂದ್ರಿ. ಎದುರಿಗೆ ಆ ಬಾಗಿಲ ಚಿಲಕ ಅದ ನೋಡ್ರಿ, ಅದನ್ನೇ ನೋಡ್ಕೋತ ಇರ್ರಿ. ಕಣ್ಣು ತಿರುಗಿಸಬ್ಯಾಡ್ರಿ."

ಅವರು ಚಿಲಕ ನೋಡುತ್ತ ಕೂತರು. ಅವರ ಹೆಂಡತಿಗೆ ಸನ್ನೆ ಮಾಡಿದೆ. ಅವರು ಸದ್ದಾಗದಂತೆ ಬಂದು, ನಾನು ತೋರಿಸಿದ ಕಡೆ, ಗಂಡನ ಎಡಕ್ಕೆ ಸ್ವಲ್ಪ ಮುಂದೆ, ಒಂದು ಗಿಡ್ಡ ಸ್ಟೂಲಿನ ಮೇಲೆ ಕೂತರು. ಕೈ ಚಾಚಿದರೆ ಸಿಗುವಷ್ಟು ಹತ್ತಿರ.

"ಈಗ ಹೇಳ್ರಿ ಭಾಯ್. ನಿಮ್ಮ ಮುಂದ ಏನೇನು ಕಾಣ್ತದ?"

"ಬಾಗ್ಲ ಅದ. ಗ್ವಾಡಿ ಅದ. ನೆಲದ ಫರ್ಶಿ ಅದ."

"ಯಾರಾರ ಅದಾರೇನು?"

"ಯಾರಿಲ್ರಿ."

ಹೆಂಡತಿ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ಆಮೇಲೆ ಮೆಲ್ಲಗೆ ತಮ್ಮ ಮನೆಮಾತಿನಲ್ಲಿ ಹೇಳಿದರು: "ಮೈಂ ಇಧರಿಚ್ ಹೂಂ ಜೀ." ನಾನು ಇಲ್ಲೇ ಇದ್ದೇನೆ.

ಅವರು ತಟ್ಟನೆ ತಿರುಗಿದರು. ಹೆಂಡತಿಯ ಮುಖವನ್ನು ನೋಡಿದರು. ಮತ್ತೆ ಚಿಲಕದ ಕಡೆ ನೋಡಿದರು. ಮತ್ತೆ ಹೆಂಡತಿಯ ಕಡೆ. ಹಾಗೆ ಎಷ್ಟೋ ಸಲ ಮಾಡಿದರು; ಒಮ್ಮೆ ಇದ್ದು, ಒಮ್ಮೆ ಇಲ್ಲದಾಗುವ ಹೆಂಡತಿಯನ್ನು ಪರೀಕ್ಷಿಸುವವರಂತೆ. ಆಕೆ ಅಲುಗದೆ ಕೂತಿದ್ದರು. ಕೊನೆಗೆ ಅವರು ತಲೆ ತಗ್ಗಿಸಿದರು.

"ಹೆಣ್ಮಕ್ಕಳು ಇಳಿಯೋವಾಗ ಈ ಕಡಿಗೇ ಇಳೀತಾರ್ರಿ," ಎಂದರು. "ಎಡಕ್ಕೇ ಇಳೀತಾರ. ಸಣ್ಣ ಹುಡುಗರನ್ನೂ ಕರ್ಕೊಂಡು ಬರ್ತಾರ."

ಗೇಟಿನ ತನಕ ಅವರೊಡನೆ ಹೋದೆ. ಹೊರಗೆ ಬೇವಿನ ಮರದ ಕೆಳಗೆ ಕ್ರೂಸರ್ ನಿಂತಿತ್ತು. ಅವರು ಜೇಬಿನಿಂದ ಕೀಲಿ ತೆಗೆದರು, ರೂಢಿಯಂತೆ. ತೆಗೆದ ಮೇಲೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನಿಂತರು.

"ಇದೊಂದು ಸಲ ಮೇಡಂ. ಹಗಲದ. ಮೆಲ್ಲಕ ಹೊಡ್ಕೊಂಡು ಹೋಗಿ ಮನಿ ಮುಂದ ನಿಂದ್ರಿಸಿಬಿಡ್ತೀನಿ."

ಬೇಡ ಎನ್ನಲು ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಆ ಕೀಲಿಯನ್ನು ಅಂಗೈಯಿಂದ ಎತ್ತಿಕೊಂಡರು. ಕಿತ್ತುಕೊಳ್ಳಲಿಲ್ಲ, ಎತ್ತಿಕೊಂಡರು. ಪರ್ಸಿನಲ್ಲಿ ಹಾಕಿ ಜಿಪ್ ಎಳೆದು, "ಬರ್ರಿ, ಬಸ್ಸಿಗೆ ಹೋಗೋಣು," ಎಂದು ಮುಂದೆ ನಡೆದರು. ಡ್ರೈವರು ಗಾಡಿಯ ಬಾಗಿಲನ್ನು ಒಮ್ಮೆ ಎಳೆದು, ಲಾಕ್ ಆಗಿದೆಯೇ ಎಂದು ನೋಡಿ, ಆಕೆಯ ಹಿಂದೆ ಹೋದರು.

ಮರುದಿನ ಅವರ ತಮ್ಮ ಬಂದು ಕ್ರೂಸರನ್ನು ಒಯ್ದ. ಮ್ಯಾನೇಜರಿಗೆ ನಿಜ ಹೇಳಲು ಅವರ ಒಪ್ಪಿಗೆ ಕೇಳಿ ಫೋನು ಮಾಡಿದೆ. "ಎಲ್ಲರಿಗೂ ಹೇಳ್ರಿ. ಕುಡುಕ ಅನ್ನಿಸ್ಕೊಳ್ಳೋದಕ್ಕಿಂತ ಕುರುಡ ಅನ್ನಿಸ್ಕೊಳ್ಳೋದು ಮೇಲು," ಎಂದರು. ಆ ಸಿಟ್ಟು ನನ್ನ ಮೇಲೋ, ಮ್ಯಾನೇಜರ ಮೇಲೋ ತಿಳಿಯಲಿಲ್ಲ. ವಿಷಯ ಕೇಳಿದ ಮೇಲೆ ಮ್ಯಾನೇಜರ್ ತಾವೇ ಅರಕೇರಾಕ್ಕೆ ಹೋಗಿ ಅವರ ಮನೆಯಲ್ಲಿ ಚಹಾ ಕುಡಿದು ಬಂದರಂತೆ. ಏನು ಮಾತಾಡಿದರೋ ನನಗೆ ಹೇಳಲಿಲ್ಲ. ಈಗ ಆ ಕಡೆಯ ಕ್ಯಾಂಪ್ ಇದ್ದರೆ ಊರೂರಿಗೆ ಫೋನು ಮಾಡಿ ಜನರನ್ನು ಕೂಡಿಸುವುದು ನಮ್ಮ ಡ್ರೈವರೇ. ಗಾಡಿಯನ್ನು ತಮ್ಮ ಓಡಿಸುತ್ತಾನೆ.

ಎಡಗಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ, ಎಷ್ಟು ಹೇಳಿದ್ದರೂ, ಅವರು ಮೊದಲಿಗಿಂತ ಚೆನ್ನಾಗಿ ಕಾಣಬಹುದೆಂದು ಕಾದಿದ್ದರು. ಹಾಗಾಗಲಿಲ್ಲ. ಒತ್ತಡ ಇಳಿಯಿತು, ಅಷ್ಟೇ. ಆಮೇಲೆ ಫೀಲ್ಡ್ ಟೆಸ್ಟಿಗೆ ಬಂದಾಗಲೆಲ್ಲ ಹಳೆಯ ಕಾಗದ, ಹೊಸ ಕಾಗದ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಇದುವರೆಗೆ ಎರಡೂ ಒಂದೇ ಥರ ಇವೆ. ನಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅದನ್ನು ಒಳ್ಳೆಯ ಸುದ್ದಿಯಂತೆ ಹೇಳುವುದು ಮಾತ್ರ ಇನ್ನೂ ನನಗೆ ಬಂದಿಲ್ಲ.

ಕಳೆದ ಸಲ ಬಂದಾಗ ತಮ್ಮನನ್ನು ಒಳಗೆ ಕರೆತಂದರು. ಈ ರೋಗ ಒಡಹುಟ್ಟಿದವರಲ್ಲಿ ಬರುವುದುಂಟು, ತೋರಿಸಿ ಎಂದು ನಾವು ಮೊದಲಿನಿಂದಲೂ ಹೇಳುತ್ತಿದ್ದೆವು. ತಮ್ಮ ಮುಖ ಸಿಂಡರಿಸಿಕೊಂಡಿದ್ದ. "ನನಗೇನಾಗಿಲ್ರಿ. ಇವನೇ ಗಾಡಿಯಿಂದ ಇಳಿಸಿ ಎಳ್ಕೊಂಡು ಬಂದ," ಎಂದ.

ಚಿತ್ರ ತೆಗೆದೆ. ಬಲಗಣ್ಣು ಚೆನ್ನಾಗಿತ್ತು. ಎಡಗಣ್ಣಿನಲ್ಲಿ ಅಂಚಿನ ಕೆಳಭಾಗದಲ್ಲಿ ಒಂದು ಸಣ್ಣ ಕಚ್ಚು, ಗಮನವಿಟ್ಟು ನೋಡಿದರೆ ಮಾತ್ರ ಕಾಣುವಂಥದ್ದು. ಒತ್ತಡ ಹೆಚ್ಚಿತ್ತು. ಫೀಲ್ಡ್ ಟೆಸ್ಟ್ ಮಾಡಿದೆ. ಪೂರ್ತಿ ಬಿಳಿ, ಒಂದು ಚುಕ್ಕಿಯೂ ಹೋಗಿರಲಿಲ್ಲ. ಡಾಕ್ಟರು ನೋಡಿ ಈಗಲೇ ಹನಿ ಶುರು ಮಾಡೋಣ ಎಂದರು.

ಹೊರಗೆ ಬಂದು ಹೇಳಿದೆ. ತಮ್ಮ ಪೆಚ್ಚಾದ. ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು.

"ಅಂವ ಗಾಡಿ ಹೊಡೀಬಹುದೇನ್ರಿ?"

"ಹೊಡೀಬಹುದು ಭಾಯ್. ಅವರಿಗೆ ಏನೂ ಹೋಗಿಲ್ಲ. ದಿನಾ ಔಷಧ ಹಾಕ್ಕೊಂಡು, ಬಂದು ತೋರಿಸ್ಕೋತ ಇದ್ರ, ವಯಸ್ಸಾಗೋತನ ಹೊಡೀಬಹುದು."

"ಮತ್ತೊಮ್ಮೆ ಹೇಳ್ರಿ," ಎಂದರು. ಮತ್ತೊಮ್ಮೆ ಹೇಳಿದೆ.

ಮುಂದಿನ ರೋಗಿಯನ್ನು ಕರೆಯಲು ಎದ್ದಾಗ ಕಿಟಕಿಯಿಂದ ಹೊರಗೆ ನೋಡಿದೆ. ಕ್ರೂಸರ್ ಗೇಟಿನ ಪಕ್ಕ ನಿಂತಿತ್ತು, ಹಿಂದಿನ ಸೀಟುಗಳಲ್ಲಿ ಬಾಡಿಗೆಗೆ ಬಂದ ಹೆಂಗಸರಿದ್ದರು. ಅಣ್ಣ ತಮ್ಮನ ತಲೆಯನ್ನು ಸೀಟಿಗೆ ಒರಗಿಸಿ, ಕೆಳಗಿನ ರೆಪ್ಪೆ ಎಳೆದು, ಒಂದು ಹನಿ ಹಾಕಿದರು. ಆಮೇಲೆ ಆಪರೇಷನ್ ಆಗದ ತಮ್ಮದೇ ಬಲಗಣ್ಣಿಗೂ ಹಾಕಿಕೊಂಡರು. ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ನಿಲ್ಲಲೆಂದು ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒತ್ತಿ ಕೂರಲು ನಾವು ಹೇಳಿಕೊಡುತ್ತೇವೆ. ಮನೆಗೆ ಹೋದ ಮೇಲೆ ಯಾರೂ ಹಾಗೆ ಕೂರುವುದಿಲ್ಲ. ಇಬ್ಬರೂ ಮುಂದಿನ ಎರಡು ಸೀಟುಗಳಲ್ಲಿ ಕಣ್ಣು ಮುಚ್ಚಿ, ಮೂಗಿನ ಪಕ್ಕ ಬೆರಳು ಒತ್ತಿಕೊಂಡು ಕೂತರು. ಹೋಗಿ ಬರುವವರು ಬಗ್ಗಿ ನೋಡಿ ಹೋಗುತ್ತಿದ್ದರು. ಹಿಂದೆ ಕೂತ ಹೆಂಗಸರು, ಗಾಡಿ ಯಾಕೆ ಹೊರಡುತ್ತಿಲ್ಲ ಎಂದು ಕೇಳುತ್ತಿರಬೇಕು. ಇಬ್ಬರೂ ಕಣ್ಣು ತೆರೆಯಲಿಲ್ಲ.